ಕುಮಟಗಿಯ ಕೀಲಿ ಯಾರ ಕಿಸೆಯಲ್ಲಿದೆ?

ಮಾನ್ಯರೇ,

ವಿಜಯಪುರದ ಹತ್ತಿರದ ಕುಮಟಗಿಯಲ್ಲಿ ಭಾನುವಾರ ನಡೆದ ಕೆರೆ ನಡಿಗೆಯ ಬಗ್ಗೆ ಸೋಮವಾರದ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಕೀಲಿ ಸಿಗದೆ ಸ್ವಲ್ಪ ಗೊಂದಲವಾಯಿತು, ಆಮೇಲೆ ಎಲ್ಲ ಸರಿಯಾಗಿ ನಡೆಯಿತು ಎಂದು ಅಧಿಕಾರಿಯೊಬ್ಬರು ಹೇಳಿದ್ದಾರೆ. ವರದಿಯ ಜೊತೆ ಅವರ ಫೋಟೊ ಕೂಡ ಇದೆ. ಅವರು ಬಂದಿದ್ದು ನಾವು ಬುತ್ತಿ ಬಿಚ್ಚಿದ ಮೇಲೆ. ಬೆಳಿಗ್ಗೆಯಿಂದ ಗೇಟಿನ ಮುಂದೆ ಬಿಸಿಲಿಗೆ ನಿಂತವರು ನಾವು. ನಡೆದದ್ದೇನು ಅಂತ ನಮ್ಮನ್ನು ಯಾರೂ ಕೇಳಲಿಲ್ಲ, ಅದಕ್ಕೇ ಈ ಪತ್ರ.

ನಾವು ಹೇಳದೆ ಕೇಳದೆ ನುಗ್ಗಿದವರಲ್ಲ. ಸಾಕಷ್ಟು ಮೊದಲೇ ಅರ್ಜಿ ಕೊಟ್ಟಿದ್ದೆವು. ಸಿಕ್ಕಾ ಹೊಡೆದ ಪ್ರತಿ ನಮ್ಮ ಹತ್ತಿರವೇ ಇತ್ತು. ಶಾಲೆ ಮಕ್ಕಳು, ನಿವೃತ್ತರು, ಮನೆ ಹೆಣ್ಣುಮಕ್ಕಳು ಎಲ್ಲ ಸೇರಿ ಒಂದು ಬಸ್ಸು ಮಾಡಿಕೊಂಡು ಸಿಂದಗಿ ರಸ್ತೆ ಹಿಡಿದು ಹೋದೆವು. ಬಿಸಿಲೇರುವ ಮೊದಲೇ ವಿಜಯಪುರವನ್ನು ಆಳಿದ ಸುಲ್ತಾನರಾದ ಆದಿಲ್‌ಶಾಹಿಗಳ ವಿಹಾರದ ಮಂಟಪಗಳನ್ನು ನೋಡುವುದು, ಆಮೇಲೆ ಕೆರೆ ಏರಿಯ ಮೇಲೆ ನಡೆಯುವುದು, ಬೇವಿನ ನೆರಳಲ್ಲಿ ಊಟ ಮಾಡಿ ಹೊರಡುವುದು. ಇಷ್ಟೇ ನಮ್ಮ ಕಾರ್ಯಕ್ರಮ.

ಗೇಟಿಗೆ ಕೀಲಿ. ಕಾವಲಿಗಿದ್ದ ಹುಡುಗನ ಮೇಲೆ ನನ್ನ ಸಿಟ್ಟಿಲ್ಲ. ಅವನು ಪಾಪ, ಒಂದೇ ಸಮನೆ ಫೋನ್ ಹಚ್ಚುತ್ತಿದ್ದ. ಕೀಲಿ ಇದ್ದವರು ಯಾವುದೋ ಮದುವೆಗೆ ಹೋಗಿದ್ದರಂತೆ. ಇನ್ನೊಂದು ಕೀಲಿ ಆಫೀಸಿನಲ್ಲಿದೆಯಂತೆ, ಭಾನುವಾರ ಆಫೀಸಿಗೇ ಕೀಲಿಯಂತೆ. ನಮ್ಮ ಅರ್ಜಿ ತೋರಿಸಿದರೆ ಅದು ಬೇರೆ ಟೇಬಲ್ಲಿಗೆ ಹೋಗಿರಬೇಕು ಅಂದರು ಫೋನಿನಲ್ಲಿದ್ದವರು. ಅರ್ಜಿ ಯಾವ ಟೇಬಲ್ಲಿನ ಮೇಲೆ ಮಲಗಿದೆ ಎಂದು ಹುಡುಕುವುದು ನಮ್ಮ ಕೆಲಸವಾ?

ವಿಜಯಪುರದ ಬಿಸಿಲು ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೇಟಿನ ಹತ್ತಿರ ನೆರಳಿಲ್ಲ, ಜಾಲಿ ಕಂಟಿ ಮಾತ್ರ ಇದೆ. ತಂದ ನೀರು ಮಕ್ಕಳಿಗೇ ಸಾಲಲಿಲ್ಲ. ಶೌಚಾಲಯದ ಮಾತೇ ಬೇಡ. ಹೆಣ್ಣುಮಕ್ಕಳು ಊರೊಳಗೆ ಹೋಗಿ ಗುರುತಿಲ್ಲದವರ ಮನೆ ಬಾಗಿಲು ತಟ್ಟಬೇಕಾಯಿತು. ಒಬ್ಬ ಅಜ್ಜಿ ಯಾರು ಎತ್ತ ಅಂತ ಕೂಡ ಕೇಳದೆ ಒಳಗೆ ಕರೆದರು. ತಾಮ್ರದ ಕೊಡ ಬಗ್ಗಿಸಿ ಬಗ್ಗಿಸಿ ನೀರು ಕೊಟ್ಟರು, ಮಕ್ಕಳಿಗೆ ಮಜ್ಜಿಗೆ ಕೊಟ್ಟರು. ಸಂಬಳ ತೆಗೆದುಕೊಳ್ಳುವವರು ಮಾಡಬೇಕಾದ ಕೆಲಸ ಆ ಅಜ್ಜಿ ಮಾಡಿದರು. ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ. ಅವಳು ಕಲ್ಲಿನ ಮೇಲೆ ಕೂತು ಬೆವರುತ್ತಿದ್ದಾಗ ನನ್ನ ತಲೆ ಎಷ್ಟು ಕೆಟ್ಟಿತ್ತು ಅಂತ ನನಗೇ ಗೊತ್ತು.

ಕೊನೆಗೂ ಬೈಕಿನಲ್ಲಿ ಕೀಲಿ ಬಂತು. ಒಳಗೆ ಹೋದರೆ ಚಿತ್ರಗಳಿರುವ ಕೋಣೆಗೆ ಇನ್ನೊಂದು ಕೀಲಿ! ಅದು ಬರಲೇ ಇಲ್ಲ. ಮಕ್ಕಳು ಸರಳಿನ ಸಂದಿಯಿಂದ ಮೊಬೈಲ್ ಬೆಳಕು ಬಿಟ್ಟು ನೋಡಿದರು. ಆ ಗೋಡೆಗಳ ಮೇಲೆ ಏನಿದೆ ಗೊತ್ತಲ್ವಾ? ಕುದುರೆ ಮೇಲೆ ಕೂತು ಚೆಂಡಾಟ ಆಡುವವರು, ಕುಸ್ತಿ ಹಿಡಿದ ಪೈಲ್ವಾನರು, ಟೋಪಿ ಹಾಕಿದ ಯುರೋಪಿನ ಮಂದಿ. ದೂರ ದೇಶದವರು ನಮ್ಮ ಸುಲ್ತಾನರ ಆಸ್ಥಾನಕ್ಕೆ ಬಂದು ಹೋಗುತ್ತಿದ್ದರು ಅನ್ನುವುದಕ್ಕೆ ಬಣ್ಣದಲ್ಲಿ ಬರೆದಿಟ್ಟ ಸಾಕ್ಷಿ ಅದು. ಈಗ ಬಣ್ಣ ಮಾಸಿ ಗೆರೆ ಹುಡುಕಬೇಕಾಗಿದೆ. ಒಂದು ಕುದುರೆಯ ಹೊಟ್ಟೆಯ ಮೇಲೆ ಯಾರೋ ಮೊಳೆಯಿಂದ ಹೃದಯ ಕೊರೆದು, ಒಳಗೆ ಎರಡು ಅಕ್ಷರ ಬರೆದಿದ್ದಾರೆ. ಮೊಮ್ಮಗಳು ಮೊದಲು ನೋಡಿದ್ದೇ ಅದನ್ನು. 1686ರಲ್ಲಿ ಆದಿಲ್‌ಶಾಹಿ ಮುಗಿಯಿತು. ಅಲ್ಲಿಂದ ಇಲ್ಲಿವರೆಗೆ ಮಳೆ ಗಾಳಿ ತಾಳಿಕೊಂಡ ಗೋಡೆಗೆ ಮೊಳೆ ಹಿಡಿದವರ ಕಾಟ ತಪ್ಪಲಿಲ್ಲ. ಗೀಚುವವರು ಒಳಗೆ ಹೋಗುತ್ತಾರೆ, ಅರ್ಜಿ ಕೊಟ್ಟವರು ಹೊರಗೆ ನಿಲ್ಲುತ್ತಾರೆ.

ಹೊರಗಿನ ಹೊಂಡದ ನಡುವೆ ಇರುವ ಮಂಟಪ ನೋಡಿದಾಗ ಮಾತ್ರ ಎಲ್ಲರ ಮುಖ ಅರಳಿತು. ಕೆರೆಯ ನೀರನ್ನು ಮೇಲೆತ್ತಿ ಗೋಪುರದ ತೊಟ್ಟಿಗೆ ತುಂಬುತ್ತಿದ್ದರು. ಅಲ್ಲಿಂದ ಕೊಳವೆಯಲ್ಲಿ ಇಳಿದ ನೀರು ತನ್ನ ಒತ್ತಡಕ್ಕೇ ಮಂಟಪದೊಳಗೆ ಸಣ್ಣ ಸಣ್ಣ ತೂತುಗಳಿಂದ ತುಂತುರಾಗಿ ಬೀಳುತ್ತಿತ್ತು. ಕರೆಂಟಿಲ್ಲ, ಮೋಟಾರಿಲ್ಲ. ಬೇಸಿಗೆಯಲ್ಲಿ ಸುಲ್ತಾನರು ಅದರ ಕೆಳಗೆ ತಂಪಾಗಿ ಕೂರುತ್ತಿದ್ದರು. ಒಬ್ಬ ಹುಡುಗ ‘ಇದು ಶವರ್ ಅಲ್ವಾ ಸರ್?’ ಎಂದು ಕೇಳಿದ. ಹೌದಪ್ಪ, ಶವರೇ. ಇಂಥದ್ದನ್ನು ವಿವರಿಸುವ ಒಂದು ನೆಟ್ಟಗಿನ ಫಲಕ ಅಲ್ಲಿಲ್ಲ. ಹಾಳು ಮಾಡಿದರೆ ಶಿಕ್ಷೆ ಎನ್ನುವ ನೀಲಿ ಬೋರ್ಡು ಇದೆ, ಅದರ ಬುಡದಲ್ಲೇ ಗುಟ್ಕಾ ಚೀಟಿ ಬಿದ್ದಿವೆ. ಹೊಂಡದ ಮೂಲೆಯಲ್ಲಿ ಪ್ಲಾಸ್ಟಿಕ್ ಬಾಟಲಿ.

ಕೆರೆ ಏರಿಯ ನಡಿಗೆ ಅರ್ಧಕ್ಕೇ ನಿಂತಿತು. ಜಾಲಿ ಬೆಳೆದು ದಾರಿ ಮುಚ್ಚಿದೆ. ಒಬ್ಬ ಟೀಚರ ಸೀರೆ ಹರಿಯಿತು, ಮಗುವೊಂದರ ಕಾಲಿಗೆ ಮುಳ್ಳು ನಟ್ಟು ರಕ್ತ ಬಂತು. ಇಷ್ಟಾದ ಮೇಲೆ ಆ ಸಾಹೇಬರು ಬಂದು, ‘ಸಹಕರಿಸಬೇಕು’ ಎಂದು ಹೇಳಿ ಫೋಟೊ ತೆಗೆಸಿಕೊಂಡು ಹೋದರು. ಇನ್ನೆಷ್ಟು ಸಹಕರಿಸಬೇಕು ನಾವು?

ಇದು ಇವತ್ತಿನ ಕಥೆಯಲ್ಲ. ನಮ್ಮ ವಿಜಯಪುರದಲ್ಲಿ ನೀರಿನ ವ್ಯವಸ್ಥೆ ಮಾಡಿದವರಿಗಿದ್ದ ಕಾಳಜಿ ಅದನ್ನು ಕಾಯಬೇಕಾದವರಿಗೆ ಎಂದೂ ಇರಲಿಲ್ಲ. ಹತ್ತಿರದ ತೊರವಿಯಿಂದ ನೆಲದೊಳಗೆ ಸುರಂಗ ತೋಡಿ ನೀರು ತಂದರು. 1651ರಲ್ಲಿ ಮೊಹಮ್ಮದ್ ಆದಿಲ್ ಶಾ ಬೇಗಂ ತಲಾಬ್ ಎಂಬ ಕೆರೆ ಕಟ್ಟಿಸಿ, ಮಣ್ಣಿನ ಕೊಳವೆಯಲ್ಲಿ ಪಟ್ಟಣಕ್ಕೆ ನೀರು ಹರಿಸಿದ. ದಾರಿಯಲ್ಲಿ ನೀರಿನ ಒತ್ತಡ ಹಿಡಿತದಲ್ಲಿಡಲು ಅಲ್ಲಲ್ಲಿ ಗಂಜ್ ಎಂಬ ಗೋಪುರ ಕಟ್ಟಿದರು. ಇವತ್ತು ಎಷ್ಟೋ ಮಂದಿಗೆ ಗಂಜ್ ಎಂದರೆ ಪೋಸ್ಟರ್ ಹಚ್ಚುವ ಗೋಡೆ. ತಾಜ್ ಬಾವಡಿ ಎಂಬ ಹಳೆಯ ದೊಡ್ಡ ಬಾವಿಯಲ್ಲಿ ವರ್ಷಗಟ್ಟಲೆ ಗಣಪತಿ ಮೂರ್ತಿ ಮುಳುಗಿಸಿ ಮುಳುಗಿಸಿ ಮೂಗು ಮುಚ್ಚಿಕೊಂಡು ಓಡಾಡುವ ಹಾಗೆ ಮಾಡಿದ್ದೆವು. ಹೂಳು ತೆಗೆದು ಸ್ವಚ್ಛ ಮಾಡಿದ ಮೇಲೆ ಜನ ಒಳ್ಳೆಯದಾಯಿತು ಅಂದರು. ಮನಸ್ಸು ಮಾಡಿದರೆ ಆಗುತ್ತದೆ ಅಂತಾಯಿತಲ್ಲ. ಹಾಗಾದರೆ ಉಳಿದ ಕಡೆ ಯಾಕೆ ಆಗುವುದಿಲ್ಲ?

ದಖನ್ನಿನ ಸುಲ್ತಾನರ ಸ್ಮಾರಕಗಳು 2014ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿವೆ, ಅದರಲ್ಲಿ ನಮ್ಮ ಊರೂ ಇದೆ. ಭಾಷಣದಲ್ಲಿ ಇದನ್ನು ಕೇಳಿ ಕೇಳಿ ಸಾಕಾಗಿದೆ. ಪಟ್ಟಿ ಪಕ್ಕಾ ಆಗಬೇಕಾದರೆ ಮೊದಲು ಬಾಗಿಲು ತೆರೆಯಬೇಕು. ಹೊರಗಿನಿಂದ ಬಂದವರು ಗೋಳಗುಮ್ಮಟ ಹತ್ತಿ ಒಂದು ಕೂಗು ಹಾಕಿ, ಸಂಜೆ ಬಸ್ಸಿಗೆ ಹೋಗಿಬಿಡುತ್ತಾರೆ. ಕುಮಟಗಿಗೆ ಹೋಗೋಣ ಎಂದರೆ ರಸ್ತೆಯಲ್ಲಿ ಸರಿಯಾದ ಬೋರ್ಡಿಲ್ಲ. ನಮ್ಮ ಬಸ್ಸಿನ ಚಾಲಕ ಕೂಡ ದಾರಿ ಕೇಳಿಕೊಂಡು ಬಂದ.

ಈಗ ನಾನು ಕೇಳುವುದು ಇಷ್ಟೇ. ಭಾನುವಾರ ಆ ಗೇಟು ತೆರೆದಿರಬೇಕು. ಕೀಲಿ ಊರಲ್ಲೇ ಇರಬೇಕು, ಮದುವೆ ಮನೆಯಲ್ಲಲ್ಲ. ಚಿತ್ರದ ಕೋಣೆಗೆ ತಿಳಿದವರೊಬ್ಬರನ್ನು ಕೂರಿಸಬೇಕು. ನೀರು, ನೆರಳು, ಶೌಚಾಲಯ, ಇದನ್ನೂ ಬರೆದು ಕೇಳಬೇಕಾ? ಇದಾಗದಿದ್ದರೆ ಜನರನ್ನು ಕರೆದು ನಡಿಗೆ, ಪರಂಪರೆ ಎಂದು ಪತ್ರಿಕೆಯಲ್ಲಿ ಫೋಟೊ ಹಾಕಿಸಿಕೊಳ್ಳುವುದನ್ನಾದರೂ ನಿಲ್ಲಿಸಬೇಕು. ಆ ಸಾಹೇಬರು ಒಂದು ಭಾನುವಾರ ಬೆಳಿಗ್ಗೆ ಮನೆಮಂದಿಯನ್ನು ಕರೆದುಕೊಂಡು, ಕೀಲಿ ಇಲ್ಲದೆ, ಆ ಗೇಟಿನ ಮುಂದೆ ಮಧ್ಯಾಹ್ನದವರೆಗೆ ನಿಂತು ನೋಡಲಿ. ಆಮೇಲೆ ಎಲ್ಲ ಸರಿಯಾಗಿ ನಡೆಯಿತು ಅಂತ ಹೇಳಲಿ. ನಮ್ಮ ಅರ್ಜಿ ಯಾವ ಟೇಬಲ್ಲಿನ ಮೇಲಿದೆ ಎನ್ನುವುದಕ್ಕಾದರೂ ಉತ್ತರ ಬರಬೇಕು. ಸಿಕ್ಕಾ ಹೊಡೆದ ಪ್ರತಿಯನ್ನು ನಾನು ಇನ್ನೂ ಎಸೆದಿಲ್ಲ.

— ಒಬ್ಬ ನಿವೃತ್ತ ಶಿಕ್ಷಕ, ವಿಜಯಪುರ