ಸಂಜೆ ಐದರಿಂದ ಏಳರವರೆಗೆ

ಮಾನ್ಯ ಸಂಪಾದಕರೇ,

ನಾನು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಬೆಳಿಗ್ಗೆ ಆರಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ಡೈರಿ ಬಾಗಿಲು ತೆಗೆಯಬೇಕು. ಮದುವೆ ಇರಲಿ, ಸಾವಿರಲಿ, ಯುಗಾದಿ ಇರಲಿ, ಹಸುವಿನ ಕೆಚ್ಚಲಿಗೆ ರಜೆ ಇಲ್ಲ. ನಮ್ಮಪ್ಪನ ಹಾಗೆ ಮರೆವಿನ ಕಾಯಿಲೆ ಬಂದ ಹಿರಿಯರ ಸಂಜೆಯ ಬಗ್ಗೆ ಈ ಪತ್ರ. ಪತ್ರಿಕೆಗೆ ಬರೆದು ನನಗೆ ಅಭ್ಯಾಸವಿಲ್ಲ. ಇಷ್ಟು ವರ್ಷ ಬರೆದದ್ದೆಲ್ಲ ಹಾಲಿನಲ್ಲಿ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ ಎಷ್ಟು ಅನ್ನುವ ಲೆಕ್ಕ. ತಪ್ಪಿದ್ದರೆ ತಿದ್ದಿ ಹಾಕಿಕೊಳ್ಳಿ. ಹೆಸರು ಮಾತ್ರ ಹಾಕಬೇಡಿ, ಊರಲ್ಲಿ ಎಲ್ಲರೂ ಪೇಪರ್ ಓದುತ್ತಾರೆ.

ನಮ್ಮಪ್ಪನಿಗೆ ಈಗ 79. ಅಮ್ಮನಿಗೆ 72. ಸೋದರತ್ತೆ ಮಗನನ್ನೇ ಮದುವೆಯಾಗಿದ್ದರಿಂದ ನನಗೆ ತವರೂ ಗಂಡನ ಮನೆಯೂ ಒಂದೇ ಊರು, ಎರಡು ಬೀದಿ ದೂರ. ಒಳ್ಳೆಯದಾಯ್ತು ಅಂತ ಆಗ ಎಲ್ಲರೂ ಹೇಳಿದರು. ಈಗಲೂ ಹೇಳುತ್ತಾರೆ, ನಾನೊಬ್ಬಳನ್ನು ಬಿಟ್ಟು. ಅಮ್ಮನ ಎರಡೂ ಮಂಡಿ ಹೋಗಿವೆ. ಜಗಲಿ ಮೇಲೆ ಕೂತು ಕೂಗಬಲ್ಲಳು, ಎದ್ದು ಓಡಲಾರಳು. ಅಪ್ಪ ಓಡಬಲ್ಲರು. ಎಲ್ಲಿಗೆ ಅಂತ ಮಾತ್ರ ಗೊತ್ತಿರುವುದಿಲ್ಲ.

ಅಪ್ಪನದು ಮೂರು ಎಕರೆ ಮಾವಿನ ತೋಪು. ಬಾದಾಮಿ, ಬೇನಿಷಾ, ಉಳಿದದ್ದೆಲ್ಲ ತೋತಾಪುರಿ. ಮರದ ಕೆಳಗೆ ನಿಂತು ತಲೆಯೆತ್ತಿ ನೋಡಿ ಇಷ್ಟು ಕ್ರೇಟ್ ಅಂದರೆ ಹೆಚ್ಚು ಕಡಿಮೆ ಅಷ್ಟೇ ಬರುತ್ತಿತ್ತು. ಮಾವಿನ ಮಂಡಿಯಲ್ಲಿ ಅವರ ಮಾತಿಗೆ ಚೀಟಿ ಬೇಕಿರಲಿಲ್ಲ. ಅಂಥವರು ನಾಲ್ಕು ವರ್ಷದ ಹಿಂದೆ ಒಂದೇ ತೋಪಿಗೆ ಇಬ್ಬರು ವ್ಯಾಪಾರಿಗಳ ಹತ್ತಿರ ಅಡ್ವಾನ್ಸ್ ತಗೊಂಡರು. ಹೂ ಬಿಟ್ಟಾಗ ಒಬ್ಬರಿಂದ, ಕಾಯಿ ಗೋಲಿಯಷ್ಟಾದಾಗ ಇನ್ನೊಬ್ಬರಿಂದ. ಕಾಯಿ ಕೀಳಲು ಒಂದೇ ದಿನ ಎರಡು ಟೆಂಪೊ ಬಂದು ನಿಂತಾಗ ನಮಗೆ ಗೊತ್ತಾಯಿತು. ‘ಈ ವಯಸ್ಸಲ್ಲಿ ಹೀಗೆ ಮೋಸ ಮಾಡೋದಾ’ ಅಂತ ಬಂದವರು ಅಂಗಳದಲ್ಲಿ ನಿಂತು ಮಾತಾಡಿದರು. ಅಪ್ಪ ಕಂಬ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ನಾನೂ ಅವತ್ತು ಅವರನ್ನು ಬೈದೆ. ನನ್ನ ಒಂದು ಜೊತೆ ಬಳೆ ಒತ್ತೆ ಇಟ್ಟು ಒಬ್ಬರ ದುಡ್ಡು ವಾಪಸ್ ಕೊಟ್ಟೆವು. ಅದು ಕಾಯಿಲೆಯ ಮೊದಲ ಗುರುತು ಅಂತ ಯಾರಿಗೆ ಹೊಳೆಯಬೇಕು?

ನಮ್ಮಲ್ಲಿ ಒಂದು ಮಾತಿದೆಯಲ್ಲ, ಅರವತ್ತಕ್ಕೆ ಅರಳು ಮರಳು ಅಂತ. ಈ ಮಾತಿನಿಂದ ಆದ ಹಾಳು ಅಷ್ಟಿಷ್ಟಲ್ಲ. ಅಪ್ಪ ಉಪ್ಪಿನ ಡಬ್ಬ ಹಸುವಿನ ಗೋದಲಿಯಲ್ಲಿ ಇಟ್ಟಾಗಲೂ ಅರಳು ಮರಳು, ಮೊಮ್ಮಗಳನ್ನು ತನ್ನ ತಂಗಿಯ ಹೆಸರು ಹಿಡಿದು ಕೂಗಿದಾಗಲೂ ಅರಳು ಮರಳು. ಎರಡು ವರ್ಷ ನಕ್ಕುಕೊಂಡೇ ಕಳೆದೆವು.

ಕೊನೆಗೆ ನಮ್ಮೂರ ಆಶಾ ಕಾರ್ಯಕರ್ತೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಮೆದುಳಿಗೆಂದೇ ಒಂದು ಕ್ಲಿನಿಕ್ ಇದೆ, ಹೋಗಿ ಅಂದಳು. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಯೋಜನೆಯಲ್ಲಿ ಮೊದಲು ಆರಿಸಿಕೊಂಡ ಜಾಗಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ಈ ವಿಷಯ ನಮ್ಮ ಜಿಲ್ಲೆಯವರಿಗೇ ಜಾಸ್ತಿ ಗೊತ್ತಿಲ್ಲ, ಅದಕ್ಕೇ ಬರೆದೆ.

ಅಲ್ಲಿ ಮೊದಲು ರಕ್ತ ತೆಗೆದರು. ಥೈರಾಯ್ಡ್ ಕೆಟ್ಟರೂ, ಬಿ-12 ಕಡಿಮೆಯಾದರೂ ಮರೆವು ಬರುತ್ತದಂತೆ, ಅವಾದರೆ ಔಷಧಿಯಿಂದ ಸರಿಹೋಗಬಹುದಂತೆ. ಆಮೇಲೆ ಪ್ರಶ್ನೆ ಕೇಳಿದರು. ಇವತ್ತು ಯಾವ ವಾರ? ಅಪ್ಪ ನನ್ನ ಮುಖ ನೋಡಿದರು. ಯಾವ ಇಸವಿ? ಮತ್ತೆ ನನ್ನ ಮುಖ ನೋಡಿದರು. ನೂರರಲ್ಲಿ ಏಳು ಕಳೆಯಿರಿ ಅಂದಾಗ ಮಾತ್ರ ನೆಟ್ಟಗೆ ಕೂತರು. ‘ನೂಟಿಕಿ ಏಡಾ? ಅಂತ ಕಮೀಷನಾ?’ ಅಂತ ಡಾಕ್ಟರನ್ನೇ ಗದರಿದರು. ನೂರಕ್ಕೆ ಏಳು ಕಮಿಷನ್ ಅವರ ಪ್ರಕಾರ ಜಾಸ್ತಿ! ಡಾಕ್ಟರಿಗೆ ತೆಲುಗು ಬರುತ್ತಿತ್ತು, ನಕ್ಕುಬಿಟ್ಟರು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಅಪ್ಪನಿಗೆ ಈಗ ಕನ್ನಡ ಹೆಚ್ಚುಕಡಿಮೆ ಹೋಗಿದೆ, ಉಳಿದಿರುವುದು ಚಿಕ್ಕಂದಿನ ತೆಲುಗೇ.

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಅಂದರು. ವಾಸಿಯಾಗುವ ಕಾಯಿಲೆ ಅಲ್ಲ, ಮಾತ್ರೆಯಿಂದ ಸ್ವಲ್ಪ ದಿನ ತಡೆಹಿಡಿಯಬಹುದು ಅಂತ ಬಿಡಿಸಿ ಹೇಳಿದರು. ಸಂಜೆ ಹೊತ್ತು ಇಂಥವರಿಗೆ ತಳಮಳ ಹೆಚ್ಚು, ಬೆಳಕು ಇಳಿಯುತ್ತಿದ್ದಂತೆ ಗಾಬರಿಯಾಗಿ ‘ಮನೆಗೆ ಹೋಗಬೇಕು’ ಅನ್ನುತ್ತಾರೆ, ಕತ್ತಲಾಗುವ ಮೊದಲೇ ದೀಪ ಹಾಕಿ, ಕೈಗೆ ಏನಾದರೂ ಕೆಲಸ ಕೊಡಿ ಅಂದರು. ನಾನು ತಲೆ ಆಡಿಸಿದೆ. ಬಸ್ಸು ಹತ್ತಿದ ಮೇಲೆ ಹೊಳೆಯಿತು. ಅಪ್ಪನಿಗೆ ತಳಮಳ ಶುರುವಾಗುವುದೂ ಸಂಜೆ ಐದಕ್ಕೆ, ಡೈರಿ ಬಾಗಿಲು ತೆಗೆಯುವುದೂ ಸಂಜೆ ಐದಕ್ಕೆ.

ಕೈಗೆ ಕೆಲಸ ಕೊಡಿ ಅಂದರಲ್ಲ, ಅದನ್ನು ಅಪ್ಪನೇ ಹುಡುಕಿಕೊಂಡರು. ಹಸು ಮಾರಿ ಮೂರು ವರ್ಷವಾಗಿದೆ. ಐದಾಗುತ್ತಿದ್ದಂತೆ ಐದು ಲೀಟರಿನ ಖಾಲಿ ಕ್ಯಾನ್ ಹಿಡಿದು ಡೈರಿಗೆ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಅವರ ಸರದಿ ಬಂದಾಗ ನಾನು ಕ್ಯಾನ್ ಇಸಿದುಕೊಂಡು ತೂಕಕ್ಕೆ ಇಡುತ್ತೇನೆ. ಡ್ರಾಯರಿನಲ್ಲಿರುವ ಒಂದು ಹಳೇ ಚೀಟಿ ತೆಗೆದು ಕೊಡುತ್ತೇನೆ. ಅದನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ಫ್ಯಾಟ್ ಕಮ್ಮಿ ಹಾಕಿದ್ದೀಯ ಅಂತ ಗೊಣಗಿ ಜೇಬಿಗೆ ಇಡುತ್ತಾರೆ. ಅಂಗಿ ಒಗೆಯುವಾಗ ಆ ಚೀಟಿ ತೆಗೆದು ಮತ್ತೆ ಡ್ರಾಯರಿಗೆ ಹಾಕಿಕೊಳ್ಳುತ್ತೇನೆ. ಮಡಿಚಿ ಮಡಿಚಿ ಅದು ಬಟ್ಟೆಯಂತಾಗಿದೆ, ಅಕ್ಷರವೂ ಮಾಸಿದೆ. ಸಾಲಿನಲ್ಲಿರುವ ಹೆಂಗಸರು ಬೇಸರ ಮಾಡುವುದಿಲ್ಲ. ಒಬ್ಬಿಬ್ಬರು ಮಾಡುತ್ತಾರೆ, ಅವರನ್ನೂ ದೂರುವಂತಿಲ್ಲ. ಮನೆಯಲ್ಲಿ ಅವರಿಗೂ ಒಲೆ ಕಾಯುತ್ತಿರುತ್ತದೆ.

ಕಷ್ಟವಿರುವುದು ಚೀಟಿ ಕೊಟ್ಟ ಮೇಲಿನ ಎರಡು ಗಂಟೆಯಲ್ಲಿ. ನನ್ನ ಕಣ್ಣು ಮೆಷಿನ್ ಮೇಲಿರಬೇಕು. ಒಂದು ಪಾಯಿಂಟ್ ಆಚೀಚೆ ಆದರೆ ಜಗಳ. ಹಾಲಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನ ಯಾವಾಗ ಬೀಳುತ್ತೆ ಅಂತ ಕೇಳುವವರಿಗೆ ಉತ್ತರ ಹೇಳಬೇಕು. ಕ್ಯಾನ್ ಗಾಡಿ ಬರುವಷ್ಟರಲ್ಲಿ ಲೆಕ್ಕ ಮುಗಿಯಬೇಕು. ಗಂಡ ಆ ಹೊತ್ತಿಗೆ ಟೊಮೆಟೊ ತೋಟದಲ್ಲಿ. ಮಗಳು ಎರಡನೇ ಪಿಯುಸಿ, ಟ್ಯೂಷನ್ ಮುಗಿಸಿ ಬರುವುದು ಏಳಕ್ಕೆ. ತಾತನನ್ನು ನೋಡಿಕೋ, ಟ್ಯೂಷನ್ ಬಿಡು ಅಂತ ಒಂದು ವಾರ ಬಿಡಿಸಿದೆ. ಎಂಟನೇ ದಿನ ನನಗೇ ತಡೆಯಲಿಲ್ಲ, ವಾಪಸ್ ಕಳಿಸಿದೆ. ನಾನು ಓದು ಬಿಟ್ಟಿದ್ದೂ ಇಂಥದ್ದೇ ಒಂದು ಕಾರಣಕ್ಕೆ, ಅಜ್ಜಿ ಹಾಸಿಗೆ ಹಿಡಿದಾಗ.

ಹೋದ ವರ್ಷ ನವೆಂಬರಿನಲ್ಲಿ ಒಂದು ಸಂಜೆ ಚೀಟಿ ಜೇಬಿಗಿಟ್ಟವರು ಮನೆಗೆ ಹೋಗಲೇ ಇಲ್ಲ. ರಾತ್ರಿ ಒಂಬತ್ತೂವರೆಗೆ ಚಿಂತಾಮಣಿ ರಸ್ತೆಯಲ್ಲಿ ಸಿಕ್ಕರು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕ್ಯಾನ್ ಮಾತ್ರ ಕೈಯಲ್ಲೇ ಇತ್ತು. ಮಂಡಿಗೆ ಹೊರಟಿದ್ದೇನೆ, ಲೋಡ್ ಬಂದಿದೆ ಅಂದರು. ನವೆಂಬರಿನಲ್ಲಿ ಎಲ್ಲಿಯ ಮಾವು? ಅವತ್ತಿನಿಂದ ಎಲ್ಲ ಅಂಗಿಗಳ ಕಾಲರಿನ ಒಳಗೆ ನನ್ನ ಫೋನ್ ನಂಬರನ್ನು ದಾರದಲ್ಲಿ ಹೊಲಿದಿದ್ದೇನೆ. ಪೆನ್ನಿನಲ್ಲಿ ಬರೆದರೆ ಎರಡು ಒಗೆತಕ್ಕೆ ಹೋಗುತ್ತದೆ.

ಇನ್ನೊಂದನ್ನು ಬೇರೆ ಮನೆಯವರಿಗೆ ಉಪಯೋಗವಾಗಲಿ ಅಂತ ಹೇಳುತ್ತೇನೆ. ಈ ವರ್ಷ ಒಮ್ಮೆ ಅಪ್ಪ ಎರಡೇ ದಿನದಲ್ಲಿ ತೀರಾ ಕೆಟ್ಟುಹೋದರು. ನನ್ನನ್ನೂ ಗುರುತು ಹಿಡಿಯಲಿಲ್ಲ, ಗೋಡೆಯಲ್ಲಿ ಯಾರೋ ಇದ್ದಾರೆ ಅಂದರು, ಹಗಲೆಲ್ಲ ನಿದ್ದೆ. ಕರೆದುಕೊಂಡು ಹೋದ ಒಂದು ಖಾಸಗಿ ಆಸ್ಪತ್ರೆಯಲ್ಲಿ ‘ಈ ಕಾಯಿಲೆ ಹೀಗೇ, ಮನೆಗೆ ಕರೆದುಕೊಂಡು ಹೋಗಿ’ ಅಂದರು. ಊರಿನವರು ನಾಲ್ಕು ಜನ ಬಂದು ನೋಡಿಕೊಂಡೂ ಹೋದರು, ಹೇಗೆ ನೋಡಿಕೊಂಡು ಹೋಗುತ್ತಾರೆ ಅಂತ ನಿಮಗೆ ಗೊತ್ತಲ್ವಾ. ಮಾರನೇ ದಿನ ಬೇರೆ ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿದರು. ಸೋಂಕು. ಆ್ಯಂಟಿಬಯಾಟಿಕ್ ಕೊಟ್ಟರು. ವಾರದಲ್ಲಿ ಅಪ್ಪ ಮತ್ತೆ ಕ್ಯಾನ್ ಹಿಡಿದು ಸಾಲಿಗೆ ಬಂದರು. ಮರೆವಿನ ಕಾಯಿಲೆ ತಿಂಗಳು, ವರ್ಷ ಲೆಕ್ಕದಲ್ಲಿ ಇಳಿಯುತ್ತದೆ. ಎರಡು ದಿನದಲ್ಲಿ ಧಡಕ್ಕನೆ ಇಳಿದರೆ ಒಳಗೆ ಬೇರೇನೋ ಆಗಿದೆ ಅಂತ ಆ ಡಾಕ್ಟರು ಹೇಳಿದ್ದನ್ನು ಹಾಲಿನ ದರದ ಬೋರ್ಡಿನ ಪಕ್ಕದಲ್ಲೇ ಬರೆದು ಹಾಕಿದ್ದೇನೆ.

ತಮ್ಮ ಬೆಂಗಳೂರಿನಲ್ಲಿದ್ದಾನೆ. ಕೆಟ್ಟವನಲ್ಲ. ತಿಂಗಳಿಗೆ ಐದು ಸಾವಿರ ಹಾಕುತ್ತಾನೆ, ಭಾನುವಾರ ಫೋನ್ ಮಾಡುತ್ತಾನೆ. ಆ ಐದು ನಿಮಿಷ ಅಪ್ಪ ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಅಂದರೆ ಕೇಳಿದರೆ ನಂಬಲ್ಲ. ಊಟ ಆಯ್ತಾ, ಮಕ್ಕಳು ಹೇಗಿದ್ದಾರೆ, ಮಳೆ ಬಂತಾ. ಅರವತ್ತು ವರ್ಷ ಆಡಿದ ಮಾತು, ನಾಲಿಗೆಗೆ ತಾನಾಗಿ ಬರುತ್ತದೆ. ‘ಅಪ್ಪ ಸರಿಯಾಗೇ ಇದ್ದಾರಲ್ಲಕ್ಕಾ, ನೀನು ಜಾಸ್ತಿ ತಲೆ ಕೆಡಿಸ್ಕೋತೀಯ’ ಅಂತಾನೆ. ಫೋನ್ ಇಟ್ಟ ಮೇಲೆ ಅಪ್ಪ ‘ಯಾರದು?’ ಅಂತ ಕೇಳುತ್ತಾರೆ.

ಮಕ್ಕಳು ಹೆತ್ತವರನ್ನು ನೋಡಿಕೊಳ್ಳಬೇಕು ಅನ್ನುವ 2007ರ ಕಾಯ್ದೆ ಇದೆ, ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಯಲ್ಲಿ ಅರ್ಜಿ ಹಾಕು, ಹತ್ತು ಸಾವಿರದವರೆಗೂ ಜೀವನಾಂಶ ಕೊಡಿಸುತ್ತಾರೆ ಅಂತ ಸಲಹೆ ಕೊಟ್ಟವರಿದ್ದಾರೆ. ನನಗೆ ಬೇಕಿರುವುದು ಅದಲ್ಲ. ಹಿರಿಯರ ಸಹಾಯವಾಣಿ 14567ಕ್ಕೂ ಫೋನ್ ಮಾಡಿದೆ. ಸಮಾಧಾನವಾಗಿ ಮಾತಾಡಿದರು, ಕೆಲವು ವಿಷಯ ತಿಳಿಸಿದರು. ಆದರೆ ಫೋನಿನಿಂದ ಕೈ ಚಾಚಿ ಅಪ್ಪನ ಕೈ ಹಿಡಿಯಲು ಆಗುತ್ತದಾ? ಅಪ್ಪನಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ನಾನು ತರುವ ದೊಡ್ಡವರ ಡೈಪರ್ ಪ್ಯಾಕೆಟ್ಟಿಗೆ 400. ಮೂರು ಪ್ಯಾಕೆಟ್ಟಿಗೆ ಸರಿಹೋಯಿತು. ದುಡ್ಡಿನ ಕಷ್ಟ ಇಲ್ಲ ಅಂತಲ್ಲ. 2025ರಲ್ಲಿ ಆಂಧ್ರದ ಚಿತ್ತೂರಿನವರು ನಮ್ಮ ತೋತಾಪುರಿ ಒಳಗೆ ಬಿಡಲ್ಲ ಅಂದಾಗ ಕಿತ್ತ ಕೂಲಿಯೂ ಹುಟ್ಟಲಿಲ್ಲ, ಒತ್ತೆ ಇಟ್ಟ ಬಳೆ ಇನ್ನೂ ಬಿಡಿಸಿಲ್ಲ. ನನಗೂ ಬಿ.ಪಿ. ಮಾತ್ರೆ ಶುರುವಾಗಿದೆ. ಆದರೂ ಯಾರಾದರೂ ಬಂದು ದುಡ್ಡು ಬೇಕೋ, ಸಂಜೆ ಎರಡು ಗಂಟೆ ಅಪ್ಪನ ಜೊತೆ ಕೂರುವ ಒಬ್ಬರು ಬೇಕೋ ಅಂದರೆ ಎರಡನೆಯದೇ ಬೇಕು ಅಂತೀನಿ.

ತಮಾಷೆ ಏನೆಂದರೆ, ನಮ್ಮ ಶ್ರೀನಿವಾಸಪುರ ತಾಲ್ಲೂಕು ಮೆದುಳಿನ ವಿಷಯದಲ್ಲಿ ದೊಡ್ಡ ಹೆಸರು ಮಾಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು 2018ರಿಂದ ನಮ್ಮ ಹಳ್ಳಿಗಳಲ್ಲೇ ಅಧ್ಯಯನ ಮಾಡುತ್ತಿದ್ದಾರೆ. 45 ವರ್ಷ ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ನೋಡುತ್ತಾ ಹೋಗುವ ಗುರಿ ಅವರದು. ವಯಸ್ಸಾದಂತೆ ಹಳ್ಳಿಯವರ ಮೆದುಳು ಹೇಗೆ ಬದಲಾಗುತ್ತದೆ, ಮರೆವು ಯಾರಿಗೆ ಬರುತ್ತದೆ, ಯಾಕೆ ಬರುತ್ತದೆ ಅಂತ ನೋಡಲು. ಒಳ್ಳೆಯ ಕೆಲಸ, ನನ್ನ ಮಗಳ ಕಾಲಕ್ಕೆ ಉಪಯೋಗವಾಗುತ್ತದೆ. ಅಧ್ಯಯನ ಮಾಡುವವರ ಮೇಲೆ ನನ್ನ ತಕರಾರಿಲ್ಲ. ಆದರೆ ಜಗತ್ತಿನ ವಿಜ್ಞಾನಿಗಳಿಗೆ ನಮ್ಮ ತಲೆ ಒಳಗೆ ಏನಿದೆ ಅಂತ ಗೊತ್ತಾಗುವ ಹೊತ್ತಿಗೆ, ಈ ತಲೆ ಹೊತ್ತವರು ಸಂಜೆ ಎಲ್ಲಿರುತ್ತಾರೆ ಅಂತ ನಮ್ಮ ಪಂಚಾಯಿತಿಗಾದರೂ ಗೊತ್ತಿರಬೇಡವಾ?

ನಾನು ಕೇಳುವುದು ದೊಡ್ಡದಲ್ಲ. 2023ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಮಾಡುತ್ತೇವೆ ಅಂದರು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಜಾಗ. ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಕೂರಿಸಿದರು. ಅದೇ ಗೋಡೆ, ಅದೇ ಚಾಪೆ, ಸಂಜೆ ಐದರಿಂದ ಏಳರವರೆಗೆ ಮುದುಕರಿಗೆ ಯಾಕಾಗಬಾರದು? ದೊಡ್ಡ ಬಲ್ಬು ಎರಡು, ಬಾಗಿಲಿಗೆ ಒಂದು ಚಿಲಕ, ಒಂದು ಚೊಂಬು ನೀರು, ಶೌಚಕ್ಕೆ ಕೂರುವ ಕಮೋಡ್ ಒಂದು. ತರಬೇತಿ ಆದ ಇಬ್ಬರು. ಹುರಳಿ ಹಸನು ಮಾಡುವುದೋ, ಹೂ ಕಟ್ಟುವುದೋ, ಹಳೇ ಕಥೆ ಹೇಳುವುದೋ, ಏನಾದರೂ ಮಾಡಿಕೊಂಡಿರಲಿ. ನಮ್ಮೂರೊಂದರಲ್ಲೇ ನಮ್ಮಪ್ಪನ ಹಾಗೆ ಮತ್ತೆ ಐದು ಜನರಿದ್ದಾರೆ. ಡೈರಿಯಲ್ಲಿ ಕೂತವಳಿಗೆ ಯಾರ ಮನೆಯಲ್ಲಿ ಏನು ಅಂತ ಗೊತ್ತಾಗುತ್ತದೆ, ಹಾಲು ತರುವವರು ಬದಲಾದರೆ ಸಾಕು. ಆ ಐದೂ ಮನೆಯಲ್ಲಿ ಒಬ್ಬ ಹೆಂಗಸು ಕೆಲಸ ಬಿಟ್ಟಿದ್ದಾಳೆ, ಇಲ್ಲವೇ ಒಬ್ಬ ಹುಡುಗಿ ಓದು ಬಿಡುವ ಹಾದಿಯಲ್ಲಿದ್ದಾಳೆ.

ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇನೆ. ಇದಕ್ಕೆ ಯೋಜನೆ ಇಲ್ಲ, ಯಾವ ಲೆಕ್ಕದಲ್ಲಿ ಖರ್ಚು ಹಾಕೋದು ಅಂತ ಕೇಳಿದರು. ಅವರ ಮಾತೂ ಸರಿ ಇರಬಹುದು, ನಾನೂ ಲೆಕ್ಕ ಬರೆಯುವವಳೇ. ಮೇಲಿನವರು ಯಾರಾದರೂ ಓದಿ ಒಂದು ಸುತ್ತೋಲೆ ಕಳಿಸಲಿ ಅಂತ ನಿಮಗೆ ಬರೆದಿದ್ದೇನೆ. ಹಳೇ ಶಾಲೆ ಕಟ್ಟಡದಲ್ಲಿ ಒಂದು ರೂಮು ಖಾಲಿ ಇದೆ, ಸೂರು ಸೋರುವುದಿಲ್ಲ, ಕರೆಂಟೂ ಇದೆ. ಬೀಗದ ಕೈ ವಾಟರ್‌ಮ್ಯಾನ್ ಹತ್ತಿರ ಇದೆ, ವಿಚಾರಿಸಿಕೊಂಡಿದ್ದೇನೆ.

ಇಂತಿ,
ಒಬ್ಬ ಡೈರಿ ಕಾರ್ಯದರ್ಶಿ
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ