ಗುಂಡುತೋಪಿನ ಹೊಂಗೆ ಹೂ ಬಿಟ್ಟಿದೆ, ಎಲ್ಲರಿಗೂ ನಮಸ್ಕಾರ

ಯುಗಾದಿ ಕಳೆದು ವಾರವಾಗಿತ್ತು. ಬೆಳಿಗ್ಗೆ ನಮ್ಮೂರ ಗುಂಡುತೋಪಿಗೆ, ಅಂದರೆ ಊರಿಗೆಲ್ಲ ಸೇರಿದ ಮರಗಳ ತೋಪಿಗೆ ಹೋದರೆ ಹೊಂಗೆ ಗಿಡಗಳ ಬುಡದಲ್ಲೆಲ್ಲ ಅರಳು ಚೆಲ್ಲಿದ ಹಾಗೆ ಹೂ ಉದುರಿತ್ತು. ಮೇಲೆ ಜೇನು ಗುಂಯ್ ಎನ್ನುತ್ತಿತ್ತು. ನೆಟ್ಟು ಐದು ವರ್ಷ, ಇದೇ ಮೊದಲ ಹೂ. ಇದಕ್ಕೆ ಕೈ ಹಾಕಿದವರಿಗೆಲ್ಲ ಒಂದು ಮಾತು ಹೇಳಲೇಬೇಕು ಅನ್ನಿಸಿತು.

ನಮ್ಮದು ಕೋಲಾರ ಜಿಲ್ಲೆ. ವರ್ಷಪೂರ್ತಿ ಹರಿಯುವ ನದಿ ಇಲ್ಲ. ಕೆರೆ, ಕುಂಟೆ, ತೋಪುಗಳನ್ನೇ ನಂಬಿದವರು ನಾವು. ತೋಪಿನಲ್ಲಿ ಹಿಂದೆ ಮಾವು, ಹುಣಸೆ, ನೇರಳೆ ಇದ್ದವಂತೆ. ಸಂತೆಗೆ ಹೋಗುವವರು ಗಾಡಿ ಬಿಟ್ಟು ಎತ್ತುಗಳಿಗೆ ನೆರಳು ಮಾಡುತ್ತಿದ್ದರಂತೆ. ನಾನು ಕಂಡಿದ್ದು ಬರೀ ನೀಲಗಿರಿ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಕಾಲಕ್ಕೆ ಜಿಲ್ಲೆಯ ತುಂಬಾ ಬಂದ ಹಾಗೆ ನಮ್ಮಲ್ಲಿಗೂ ಬಂತು. ಹೊಸದಾಗಿ ನೀಲಗಿರಿ ನೆಡಬಾರದು ಎಂದು ರಾಜ್ಯ ಸರ್ಕಾರ ಆದೇಶ ಮಾಡಿದ್ದು 2017ರಲ್ಲಿ. ಇದ್ದದ್ದು ಮಾತ್ರ ಹಾಗೇ ನಿಂತಿತ್ತು.

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿಗೆ ಹೋಗಿದ್ದ ಹುಡುಗರೆಲ್ಲ ಊರಿಗೆ ಬಂದರು. ಕೈಯಲ್ಲಿ ಕೆಲಸ ಇಲ್ಲ. ನರೇಗಾದಲ್ಲಿ, ಅಂದರೆ ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಯಲ್ಲಿ ಏನು ಕೆಲಸ ಹಾಕೋಣ ಎಂಬ ಮಾತು ಬಂದಾಗ ಒಬ್ಬ ಅಜ್ಜಿ ಎದ್ದು, "ತೋಪು ಮಾಡ್ರಪ್ಪ, ಕೂರೋಕೆ ನೆರಳಿಲ್ಲ" ಅಂದರು. ಚರಂಡಿ, ಸಿಮೆಂಟ್ ರಸ್ತೆ ಎನ್ನುತ್ತಿದ್ದವರು ಸುಮ್ಮನಾದರು. ನೀಲಗಿರಿ ಕಿತ್ತು ಹೊಂಗೆ ನೆಡೋಣ ಎಂದಾಯಿತು. ಅಜ್ಜಿ, ಮೊದಲ ನಮಸ್ಕಾರ ನಿಮಗೆ.

ನಾನು ಕಾಯಕಬಂಧು, ಅಂದರೆ ಕೂಲಿ ತಂಡದ ಮುಂದಾಳು ಆಗಿದ್ದೆ. ಆಗ ದಿನಕ್ಕೆ 275 ರೂಪಾಯಿ ಕೂಲಿ. ಗಂಡಾಳಿಗೂ ಹೆಣ್ಣಾಳಿಗೂ ಒಂದೇ. ಬೇರೆ ಕಡೆ ಕೂಲಿಗೆ ಹೋದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು. ನೀಲಗಿರಿ ಕೀಳುವುದು ಸುಲಭದ ಕೆಲಸ ಅಲ್ಲ. ಮೇಲೆ ಕಡಿದರೆ ಬುಡದ ಸುತ್ತ ಮತ್ತೆ ಚಿಗುರುತ್ತದೆ. ಗಡಾರಿ ಹಾಕಿ ಮಣ್ಣು ಬಿಡಿಸಿ, ಬೇರು ಹುಡುಕಿ ಹುಡುಕಿ ಕಡಿಯಬೇಕು. ಒಂದು ಬುಡಕ್ಕೆ ಮೂರು ಜನ, ಅರ್ಧ ದಿನ. ಕೈಯೆಲ್ಲ ಬೊಬ್ಬೆ, ಸೀರೆಯೆಲ್ಲ ಆ ಎಣ್ಣೆಯ ವಾಸನೆ. ನನ್ನ ಜೊತೆ ಗಡಾರಿ ಹಿಡಿದ ಅಕ್ಕಂದಿರೇ, ತಮ್ಮಂದಿರೇ, ನಿಮ್ಮನ್ನು ಮರೆಯಲ್ಲ.

ಕೂಲಿ 15 ದಿನದೊಳಗೆ ಬರಬೇಕು ಅನ್ನುತ್ತಿತ್ತು ನರೇಗಾ ಕಾನೂನು. ನಮಗೆ ಒಂದು ಸಲ ಎರಡು ತಿಂಗಳು ತಡವಾಯಿತು. ಆಗ ಅಕ್ಕಿ, ಎಣ್ಣೆ ಸಾಲ ಕೊಟ್ಟು ಒಂದು ದಿನವೂ ಕೇಳದ ಅಂಗಡಿಯಣ್ಣನಿಗೆ ನಮಸ್ಕಾರ. ಮೊದಲ ಬೇಸಿಗೆಗೆ ಗಿಡ ಅರ್ಧಕ್ಕರ್ಧ ಒಣಗಿದವು. ಉಳಿದವಕ್ಕೆ ನೀರು ಕೊಟ್ಟವರು ಪಕ್ಕದ ಹೊಲದ ಮಾವ. ತನ್ನ ಟೊಮೆಟೊಗೇ ಸಾಲದ ಬೋರ್‌ವೆಲ್ ನೀರದು. ವಾರಕ್ಕೊಂದು ಟ್ಯಾಂಕರ್ ಕಳಿಸಿದರು.

ಆದರೆ ಎಲ್ಲರಿಗಿಂತ ಜಾಸ್ತಿ ಬಿಟ್ಟುಕೊಟ್ಟವರು ಕುರಿ ಕಾಯುವವರು. ನೀಲಗಿರಿ ಹೋದ ಮೊದಲ ಮಳೆಗೇ ತೋಪಿನ ತುಂಬಾ ಹಸಿರು ಹುಲ್ಲು ಎದ್ದಿತ್ತು. ಕಣ್ಣೆದುರೇ ಮೇವಿದ್ದರೂ ಎಳೆಯ ಗಿಡ ಉಳಿಯಲಿ ಎಂದು ಮೂರು ವರ್ಷ ಮಂದೆಯನ್ನು ಸುತ್ತು ಹಾಕಿಸಿ ದೂರ ಹೊಡೆದುಕೊಂಡು ಹೋದರು. ಅದಕ್ಕೆ ಯಾವ ಬಿಲ್ಲಿನಲ್ಲೂ ಲೆಕ್ಕ ಇಲ್ಲ. ಇರಬೇಕಿತ್ತು ಎಂದು ನನಗನಿಸುತ್ತದೆ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿಗಳನ್ನು ದಾಖಲೆ ಮಾಡಬೇಕು. ನಮ್ಮಲ್ಲಿ ಅದನ್ನು ಬರೆಯಲು ಕೂತಾಗ ಅಜ್ಜಿಯರು ಬೆರಕೆ ಸೊಪ್ಪಿಗೆ ಕೊಯ್ಯುವ ಒಂದೊಂದು ಸೊಪ್ಪಿನ ಹೆಸರನ್ನೂ ಹೇಳಿದರು. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನೆ. ಕೆಲವಕ್ಕೆ ತೆಲುಗಿನ ಹೆಸರೇ ಗೊತ್ತಿತ್ತು, ಹಾಗೇ ಬರೆದುಕೊಂಡೆವು. ಈಗ ಅವುಗಳಲ್ಲಿ ಕೆಲವು ತೋಪಿನಲ್ಲೇ ಸಿಗುತ್ತವೆ.

ಕೊನೆಗೆ, ನಮ್ಮೂರನ್ನು ನೋಡೇ ಇರದ ನಿಮಗೆ. ಆಗ ನರೇಗಾ ಕೂಲಿ ಕೇಂದ್ರ ಸರ್ಕಾರದ ದುಡ್ಡಾಗಿತ್ತು. ಅಂದರೆ ನೀವು ಸೋಪು, ಬಿಸ್ಕತ್ತು ಕೊಂಡಾಗ ಕಟ್ಟಿದ ತೆರಿಗೆಯೂ ಅದರಲ್ಲಿದೆ, ಅಲ್ವಾ? ಅದು ಎಲ್ಲಿ ಹೋಯಿತೋ ಅಂದುಕೊಳ್ಳಬೇಡಿ. ಸ್ವಲ್ಪ ನಮ್ಮ ತೋಪಿನ ಮಣ್ಣಿನಲ್ಲಿದೆ. ಒಮ್ಮೆ ಬಂದು ನೆರಳಲ್ಲಿ ಕೂತು ಹೋಗಿ. ಮುಂದಿನ ಬೇಸಿಗೆಗೆ ಹೊಂಗೆ ಕಾಯಿ ಬಲಿಯುತ್ತದೆ. ಪಕ್ಕದೂರಿನವರು ಅವರ ತೋಪಿಗೆ ಬೀಜ ಕೇಳಿದ್ದಾರೆ. ಮೊದಲ ಮೂಟೆ ಅವರಿಗೆ.