ಸಾಠ್ ಕಬರಿನ ಜಾಲಿ ಕಡಿಸಿ

ವಿಜಯಪುರದ ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಕಳೆದ ರವಿವಾರ ಪುಣೆಯಿಂದ ಬಂದಿದ್ದ ಸೋದರಳಿಯನನ್ನು ಕರಕೊಂಡು ನಮ್ಮೂರಿನ ಹಳೆಯ ಗೋರಿಗಳಿರುವ ಸಾಠ್ ಕಬರಿಗೆ ಹೋಗಿದ್ದೆ. ಆಟೋದವನು ಮೊದಲು ಒಲ್ಲೆ ಅಂದ. "ಅಲ್ಲೇನೈತ್ರೀ ಸರ, ಬರೇ ಜಾಲಿಕಂಟಿ. ಇಬ್ರಾಹಿಂ ರೋಜಾಕ್ಕ ನಡೀರಿ." ಕೊನೆಗೆ ಬಂದ, ಆದರೆ ಡಾಂಬರು ಮುಗಿದಲ್ಲೇ ನಮ್ಮನ್ನು ಇಳಿಸಿದ.

ಕಥೆ ತಮಗೆ ಗೊತ್ತಿದ್ದೀತು. 1659ರಲ್ಲಿ ಶಿವಾಜಿಯ ಮೇಲೆ ಹೊರಟ ಆದಿಲ್‌ಶಾಹಿ ಸರದಾರ ಅಫ್ಜಲ್ ಖಾನನಿಗೆ, ನೀನು ತಿರುಗಿ ಬರುವುದಿಲ್ಲ ಎಂದು ಜೋಯಿಸರು ಹೇಳಿದರಂತೆ. ತನ್ನ ಹಿಂದೆ ಹೆಂಡಂದಿರು ಬೇರೆಯವರ ಪಾಲಾಗಬಾರದೆಂದು ಅವರನ್ನೆಲ್ಲ ಕೊಲ್ಲಿಸಿದನಂತೆ. ಇಲ್ಲಿರುವುದು ಅವರ ಗೋರಿಗಳಂತೆ. ಅದೇ ವರ್ಷ ನವೆಂಬರಿನಲ್ಲಿ ಪ್ರತಾಪಗಡದ ಕೆಳಗೆ ಅವನೂ ಸತ್ತ. ಅವನು ಸತ್ತದ್ದು ಇತಿಹಾಸ, ಹೆಂಡಂದಿರದು ಜನರ ಬಾಯಿಮಾತು. ಈ ಎರಡನ್ನೂ ಬೇರೆಬೇರೆ ಮಾಡಿ ಹೇಳುವ ಫಲಕವೊಂದು ನಮ್ಮ ಕಣ್ಣಿಗೆ ಬೀಳಲಿಲ್ಲ.

ಗೋರಿ ಎಣಿಸಲು ಶುರು ಮಾಡಿದೆವು. ಸಾಠ್ ಎಂದರೆ ಅರವತ್ತು (ಇದನ್ನು 'ಸಾತ್' ಎಂದು ಬರೆದು ಏಳಕ್ಕಿಳಿಸಿದವರೂ ಇದ್ದಾರೆ), ಜನ ಹೇಳುವುದು 63. ಕಟ್ಟೆಯ ಮೇಲೆ ಸಾಲುಸಾಲಾಗಿ ಕರಿಕಲ್ಲಿನ ಗೋರಿಗಳು, ಎಲ್ಲವುಗಳ ನೆತ್ತಿಯೂ ಮಟ್ಟಸ. ನಮ್ಮ ಕಡೆ ಹೆಂಗಸಿನ ಗೋರಿಗೆ ಅದೇ ಗುರುತು. ಗಂಡಸಿನದಾದರೆ ನಡುವೆ ಉಬ್ಬಿರುತ್ತದೆ. ನಾನು 51ಕ್ಕೆ ನಿಂತೆ, ಹುಡುಗ 56 ಅಂದ. ಉಳಿದವು ಕಂಟಿಯೊಳಗೆ. ಮೊಣಕಾಲು ಗೀರಿಸಿಕೊಂಡು ಒಂದು ಕಡೆ ಮುಳ್ಳು ಸರಿಸಿದರೆ ಅಲ್ಲಿದ್ದದ್ದು ಸಾರಾಯಿ ಬಾಟಲಿ.

ಈ ಊರು ಬದುಕುತ್ತಿರುವುದೇ ಗೋರಿ ತೋರಿಸಿ ಅಲ್ಲವೆ? ಗೋಳಗುಮ್ಮಟವೂ ಮುಹಮ್ಮದ್ ಆದಿಲ್‌ಶಾಹನ ಗೋರಿಯೇ. ಅಲ್ಲಿ ಟಿಕೆಟ್, ಉದ್ಯಾನ, ಪಿಸುಮಾತು ಕೇಳಲು ನೂಕುನುಗ್ಗಲು. ಇಲ್ಲಿ ಮಲಗಿದವರ ಹೆಸರೂ ಉಳಿದಿಲ್ಲ, ಕನಿಷ್ಠ ಎಣಿಕೆಯಾದರೂ ಸಿಗಲಿ.

ಯಾರ ಹೊಣೆ ಎಂದು ಜಗಳಕ್ಕೆ ಬಂದಿಲ್ಲ. ಮಳೆಗಾಲಕ್ಕೆ ಮುಂಚೆ ಜಾಲಿ ಕಡಿಸಿ. ಮೇಲಿನಿಂದ ಸವರಿದರೆ ಬಳ್ಳಾರಿ ಜಾಲಿ ದುಪ್ಪಟ್ಟು ಚಿಗುರುತ್ತದೆ, ಬುಡ ತೆಗೆಯಬೇಕು. ಹಾಗಂತ ಜೆಸಿಬಿ ಮಾತ್ರ ಬಿಡಬೇಡಿ. ಬೇರು ಕಟ್ಟೆಯ ಕಲ್ಲುಸಂದಿಗೆ ಇಳಿದಿದ್ದರೆ ಎಳೆದಾಗ ಕಲ್ಲೂ ಎದ್ದು ಬರುತ್ತದೆ. ನಾಲ್ಕು ಆಳು, ಕುಡಗೋಲು, ಹಾರೆ ಸಾಕು. ಅಲ್ಲಿರುವ ಬಾವಿಗೊಂದು ಕಬ್ಬಿಣದ ಜಾಳಿಗೆಯನ್ನೂ ಹಾಕಿಸಿ. ಹುಡುಗ ಫೋಟೋ ತೆಗೆಯುತ್ತ ಹಿಂದೆ ಹಿಂದೆ ಸರಿದು ಅಂಚಿಗೆ ಹೋಗಿಬಿಟ್ಟಿದ್ದ.

ಇಂತಿ,
ನಗರದ ಒಬ್ಬ ನಿವಾಸಿ